ಸೊಲ್ಲಾಪುರ ಇಲ್ಲೇ ಉಳಿದ ವರ್ಷ

ಆಗ ಮುಂಬಯಿಯೂ ನಮ್ಮ ವಿಜಾಪುರ ಜಿಲ್ಲೆಯೂ ಒಂದೇ ರಾಜ್ಯದಲ್ಲಿದ್ದವು. ಮುಂಬಯಿಯ ಬೈಕುಲ್ಲಾದಲ್ಲಿ, ಸಾಲು ಖೋಲಿಗಳ ನಮ್ಮ ಚಾಳಿನಲ್ಲಿ ದಿನ ಸಾಗುತ್ತಿದ್ದುದು ಗಿರಣಿಯ ಭೋಂಗಾದ ಕೂಗಿನ ಮೇಲೆ. ಮೊದಲ ಭೋಂಗಾಕ್ಕೆ ಏಳಬೇಕು, ನಳ ಬಂದೊಡನೆ ನೀರು ತುಂಬಬೇಕು, ಎರಡನೆಯದು ಕೂಗುವಾಗ ಕನ್ನಡ ಸಾಲೆಗೆ ಹೊರಟಿರಬೇಕು. ಅಪ್ಪ ಗಿರಣಿಯ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲೂ ತಡ ಎಂಬ ಮಾತಿಗೆ ಜಾಗವಿರಲಿಲ್ಲ.

ಅವ್ವನ ಕೈ ತಮ್ಮನ ಆರೈಕೆಗೇ ಸಾಲದು. ಹಾಗಾಗಿ ನನ್ನ ತಲೆ ಬಾಚುತ್ತಿದ್ದುದು ಪಕ್ಕದ ಖೋಲಿಯ ಕಾಕು. ತನ್ನ ಮಗಳು ಶಾಂತಾಳನ್ನೂ ನನ್ನನ್ನೂ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ತಟ್ಟಿ, ಎರಡೆರಡು ಹೆರಳು ಬಿಗಿಯುತ್ತಿದ್ದಳು. ಅವರದು ಸೊಲ್ಲಾಪುರದ ಹತ್ತಿರದ ಹಳ್ಳಿ. ಅದೇ ಶೇಂಗಾ ಚಟ್ನಿ, ಅದೇ ಕಟಕ ರೊಟ್ಟಿ, ಅದೇ ಮಾತು. ಕಾಕುವಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಬೇಸಿಗೆಗೆ ಎರಡೂ ಮನೆಯವರು ಒಂದೇ ರೈಲು ಹತ್ತುತ್ತಿದ್ದೆವು. ಅವರು ಸೊಲ್ಲಾಪುರದಲ್ಲಿ ಇಳಿಯುತ್ತಿದ್ದರು, ನಾವು ಅಲ್ಲಿ ಗಾಡಿ ಬದಲಿಸುತ್ತಿದ್ದೆವು.

ಆ ದೀಪಾವಳಿಯ ಹೊತ್ತಿಗೆ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದರು. ವಿಜಾಪುರ, ಧಾರವಾಡ, ಬೆಳಗಾವಿ ಮೈಸೂರಿಗೆ ಸೇರಿದವು. ಸೊಲ್ಲಾಪುರ ಮುಂಬಯಿಯ ಜೊತೆಗೇ ಉಳಿಯಿತು. ಅಪ್ಪ ಚಾಳಿಗೆಲ್ಲ ಪೇಢೆ ಹಂಚಿದರು. ಶಾಂತಾಳ ಅಪ್ಪ, ಕಾಕಾ, ಪೇಢೆ ತಿಂದು ಮುಗಿಸಿ, ರಜೆಯ ನಂತರ ಮಗಳನ್ನು ಕನ್ನಡ ಸಾಲೆ ಬಿಡಿಸಿ ಮರಾಠಿ ಸಾಲೆಗೆ ಹಾಕುವುದಾಗಿ ಹೇಳಿದರು. ಅಪ್ಪ ಕಾರಣ ಕೇಳಿದರು.

“ನಿಮ್ಮ ಜಿಲ್ಲಾ ಆ ಕಡೆ ಹೋತ್ರಿ. ನಮ್ಮದು ಇಲ್ಲೇ ಉಳೀತು. ಇನ್ನ ಈಕಿ ಕನ್ನಡ ಕಲತು ಯಾರಿಗೆ ಅರ್ಜಿ ಬರೀಬೇಕು?”

“ಮನ್ಯಾಗ ಯಾರು ಅರ್ಜಿ ಬರೀತಾರಪ್ಪಾ? ಅಲ್ಲಾದ್ರೂ ಕನ್ನಡ ಇರಲಿ.”

“ಇಲ್ರಿ. ಮನ್ಯಾಗೂ ಇನ್ನ ಮರಾಠೀನ.”

ಚಕ್ಕುಲಿ ಕರಿಯುತ್ತಿದ್ದ ಕಾಕು ತಲೆ ಎತ್ತಲಿಲ್ಲ. “ಹಂಗಾರ ನಾ ಯಾರ ಕೂಡ ಮಾತಾಡ್ಲಿ?”

ಕಲಿತರೆ ನಿನಗೂ ಬರುತ್ತದೆ ಎಂದು ಕಾಕಾ ನಕ್ಕರು.

ರಜೆ ಮುಗಿಯಿತು. ಗಲ್ಲಿಯ ತುದಿಯಲ್ಲಿ ಶಾಂತಾ ಆ ಕಡೆ ತಿರುಗಿದಳು, ನಾನು ಈ ಕಡೆ. ಮನೆಯಲ್ಲಿ ಅವಳು ಕನ್ನಡದಲ್ಲಿ ನೀರು ಕೇಳಿದರೆ ಕಾಕಾ ಕೇಳಿಸದವರಂತೆ ಕೂರುತ್ತಿದ್ದರು. ಕ್ರಮೇಣ ಅವಳು ಕನ್ನಡದಲ್ಲಿ ಕೇಳುವುದನ್ನು ಬಿಟ್ಟಳು.

ಕಾಕು ಈಗ ಶಾಂತಾಳ ತಲೆಯನ್ನು ಬೇಗ ಬಾಚಿ ಮುಗಿಸಿ, ಬಾಚಣಿಗೆ ಹಿಡಿದು ನಮ್ಮ ಖೋಲಿಗೇ ಬರುತ್ತಿದ್ದಳು. ತವರಿನ ಬಾವಿ, ತಂಗಿಯರು, ಒದೆಯುತ್ತಿದ್ದ ಎಮ್ಮೆ, ಎಲ್ಲವನ್ನೂ ನನ್ನ ಬೆನ್ನಿಗೆ ಹೇಳುತ್ತಿದ್ದಳು. ಮಾತು ಮುಗಿಯದಿದ್ದರೆ ಹಾಕಿದ ಹೆರಳನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಹೊಸ್ತಿಲ ಆಚೆ ಶಾಂತಾ ಮರಾಠಿ ಪದ್ಯವನ್ನು ದೊಡ್ಡ ದನಿಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಎರಡನೆಯ ಭೋಂಗಾ ಕೂಗಿದರೂ ಅಪ್ಪ ಆ ದಿನಗಳಲ್ಲಿ ನನ್ನನ್ನು ಅವಸರಪಡಿಸಲಿಲ್ಲ. ಮುಂದೆ ಶಾಂತಾಳ ಮನೆಯವರು ಬೇರೆಡೆ ಖೋಲಿ ಹಿಡಿದು ಹೋದರು.

ಈಗ ನಾನು ಗೋರೆಗಾಂವ್‌ನಲ್ಲಿದ್ದೇನೆ. ಮುಂಬಯಿಯೇ ಎರಡು ಜಿಲ್ಲೆಯಾಗಿದೆ, ಬೈಕುಲ್ಲಾ ಒಂದರಲ್ಲಿ, ನನ್ನ ಮನೆ ಇನ್ನೊಂದರಲ್ಲಿ. ನಮ್ಮ ಊರೂ ವಿಜಾಪುರದಿಂದ ಬಾಗಲಕೋಟೆಗೆ ಸೇರಿದೆ. ವಿಳಾಸದಲ್ಲಿ ಒಂದು ಸಾಲು ಬದಲಿಸಿಕೊಂಡೆ, ಅಷ್ಟೆ.

ಕಳೆದ ವರ್ಷ ಒಂದು ಮದುವೆಯಲ್ಲಿ ಶಾಂತಾ ಸಿಕ್ಕಳು. ನಾವು ಮಾತಾಡಿದ್ದು ಮರಾಠಿಯಲ್ಲಿ. ಕಾಕು ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಕಲಿತಿದ್ದ ಮರಾಠಿಯೆಲ್ಲ ಮರೆತು ಕನ್ನಡವೊಂದನ್ನೇ ಆಡುತ್ತಿದ್ದಳಂತೆ. ಶಾಂತಾಳಿಗೆ ಎಲ್ಲವೂ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲೇ ಬರುತ್ತಿತ್ತು. ಒಂದು ದಿನ ಶಾಂತಾ ಗಂಜಿ ಕುಡಿಸುವಾಗ ಕಾಕು ಅವಳನ್ನು ಆರೈಕೆಗೆ ಇಟ್ಟ ಹೆಂಗಸೆಂದು ತಿಳಿದಳು. ಆಗ ಕಾಕು ಆಡಿದ ಮಾತನ್ನಷ್ಟೇ ಶಾಂತಾ ನನಗೆ ಕನ್ನಡದಲ್ಲಿ ಹೇಳಿದಳು:

“ಬಾಯೀ, ನನ್ನ ಮಗಳ್ನ ಸ್ವಲ್ಪ ಕರೀರಿ.”