ಪೈಲ್ವಾನ್ ಕಾಕಾನ ಬೆನ್ನು

ಪಕ್ಕದ ಮನೆಯಿಂದ ಈಚೆಗೆ ಹೊತ್ತುಗೊತ್ತಿಲ್ಲದೆ ಊದಿನಕಡ್ಡಿಯ ವಾಸನೆ ಬರುತ್ತಿದೆ. ದೇವರಿಗಾದರೆ ಬೆಳಿಗ್ಗೆ ಒಂದು, ಸಂಜೆ ಒಂದು ಸಾಕು. ಇಡೀ ಹಗಲು ಹಚ್ಚಿಡುತ್ತಾರೆಂದರೆ ಒಳಗೆ ಯಾರೋ ಹಾಸಿಗೆ ಹಿಡಿದಿದ್ದಾರೆ, ಅವರ ಬೆನ್ನು ಕೊಳೆಯುತ್ತಿದೆ. ನನ್ನ ಮೂಗೇ ಹಾಗೆ. ಒಲೆಯ ಮೇಲೆ ಹೋಳಿಗೆ ಹೊತ್ತಿದರೂ ತಿಳಿಯದು, ಈ ಹುಣ್ಣಿನ ನಾತ ಮಾತ್ರ ಗೋಡೆ ದಾಟಿ ಬರುತ್ತದೆ. ಮೂಗನ್ನು ಹೀಗೆ ಪಳಗಿಸಿದ್ದು ಸಿಂದಗಿಯ ವೃದ್ಧರ ಮನೆ.

ಎಪ್ಪತ್ತರ ದಶಕದ ಮಾತು. ಊರ ಹೊರಗಿನ ಹಳೇ ಹತ್ತಿ ಗುದಾಮಿಗೆ ಸುಣ್ಣ ಬಳಿಸಿ, ಗತಿಯಿಲ್ಲದ ಮುದುಕರಿಗೆಂದು ಸಾಹುಕಾರರೊಬ್ಬರು ಅದನ್ನು ತೆರೆದಿದ್ದರು. ಅವರೇ ಅಧ್ಯಕ್ಷರು. ನರ್ಸುಗಳು ಇಬ್ಬರೇ: ಮುದ್ದೇಬಿಹಾಳದ ಕಾಶಕ್ಕ, ಮತ್ತು ಆಗಷ್ಟೇ ತರಬೇತಿ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಸೀರೆಯೇ ಅರ್ಧ ರೋಗ ಓಡಿಸುತ್ತದೆಂದು ನಂಬಿದ್ದ ನಾನು.

ಝಳಕಿಯ ದಸ್ತಗೀರ ಪೈಲ್ವಾನರು ಎತ್ತಿನ ಗಾಡಿಯಲ್ಲಿ ಬಂದಿಳಿದರು. ಒಂದು ಕಾಲಕ್ಕೆ ಸುತ್ತಿನ ಕುಸ್ತಿ ಕಣಗಳಲ್ಲಿ ಅವರ ಬೆನ್ನು ಮಣ್ಣು ಮುಟ್ಟಿದ್ದನ್ನು ಕಂಡವರಿರಲಿಲ್ಲವಂತೆ. ಈಗ ಲಕ್ವಾ ಹೊಡೆದು ಆ ಬೆನ್ನು ಹಾಸಿಗೆ ಬಿಟ್ಟು ಏಳದು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹಾಸಿಗೆಹುಣ್ಣು ಆಗಲೇ ಅಂಗೈ ಅಗಲ ಆಗಿತ್ತು. ನಾವಿಬ್ಬರೂ ಉಸಿರು ಬಿಗಿಹಿಡಿದು ಅವರನ್ನು ಹೊರಳಿಸಿ, ತೊಳೆದು, ಪಟ್ಟಿ ಕಟ್ಟುತ್ತಿದ್ದೆವು.

ಕೆಲವು ದಿನಕ್ಕೆ ಅವರು ಊಟ ಬಿಟ್ಟರು. ಹಾಲಲ್ಲಿ ರೊಟ್ಟಿ ನೆನೆಸಿ ಕೊಟ್ಟರೂ ಬೇಡ, ನೀರೂ ಬೇಡ. ಕಾಶಕ್ಕ ಮಂಚದ ಪಕ್ಕ ಕೂತಳು.

"ಖರೆ ಹೇಳ್ರಿ ಕಾಕಾ, ಯಾಕ ಉಣವಲ್ರಿ?"

ಅವರು ಗೋಡೆಯತ್ತ ಮುಖ ಹೊರಳಿಸಿದರು. "ಉಂಡ್ರ ಹೊಲಸ ಆಗ್ತೈತಿ ತಂಗಿ. ನೀ ತೊಳೀಬೇಕಾಗ್ತೈತಿ. ಅದಕ್ಕಿಂತ ಸಾವು ಛಲೋ."

"ನಿಮ್ಮವ್ವ ತೊಳದಾಗ ನಾಚಿಕಿ ಬಂದಿತ್ತೇನ್ರಿ?"

"ಆವಾಗ ನಾ ಸಣ್ಣವ ಇದ್ದೆ."

"ನನಗ ಈಗೂ ಸಣ್ಣವರ ಅದೀರಿ. ಬಾಯಿ ತಗೀರಿ."

ತೆರೆದರು. ಅಳುತ್ತಲೇ ಉಂಡರು. ಚಳಿಗಾಲ ಮುಗಿಯುವ ಹೊತ್ತಿಗೆ ಹುಣ್ಣಿನ ಮೇಲೆ ಹೊಸ ಚರ್ಮ ಕೂಡಿತು. ಕುಸ್ತಿ ಗೆದ್ದವಳ ಹಾಗೆ ನಾನು ವಾರವಿಡೀ ಎದೆ ಸೆಟೆಸಿಕೊಂಡು ಓಡಾಡಿದೆ.

ಅಷ್ಟರಲ್ಲಿ ವಾರ್ಷಿಕೋತ್ಸವ ಬಂತು. ದೊಡ್ಡ ಅತಿಥಿ, ಹಣ್ಣು ಹಂಚಿಕೆ, ಫೋಟೋ. ಹೆಸರಾಂತ ಪೈಲ್ವಾನರು ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂರಬೇಕೆಂದು ಅಧ್ಯಕ್ಷರ ಆಸೆ.

"ಅವರನ್ನ ಬಾಳೊತ್ತು ಕುಂದ್ರಸಬಾರದ್ರಿ. ಈಗಷ್ಟ ಚರ್ಮ ಕೂಡೇತ್ರಿ," ಎಂದಳು ಕಾಶಕ್ಕ.

"ಒಂದ ದಿನಕ್ಕ ಏನಾಗ್ತೈತವಾ?" ಎಂದು ಅಧ್ಯಕ್ಷರು ನಕ್ಕರು.

ಆ ದಿನ ಬೆಳಿಗ್ಗೆಯೇ ಅಧ್ಯಕ್ಷರ ಆಳುಗಳು ಕಾಕಾನನ್ನು ಕಟ್ಟಿಗೆಯ ಖುರ್ಚಿಯಲ್ಲಿ ಕೂರಿಸಿ, ವಾಲದಂತೆ ಧೋತರದಿಂದ ಬಿಗಿದರು. ಅತಿಥಿ ಬಂದದ್ದು ಹೊತ್ತು ಇಳಿದ ಮೇಲೆ. ಬಿಚ್ಚಿ ಮಲಗಿಸೋಣವೆಂದು ನಾವು ಎಷ್ಟು ಸಲ ಹೋದರೂ ಅಧ್ಯಕ್ಷರ ಆಳುಗಳು ಅಡ್ಡ ನಿಂತರು. "ಹಿರಿಯರೇ ನಮ್ಮ ದೇವರು" ಎಂದು ಅತಿಥಿ ಮಾತಾಡುತ್ತಿದ್ದಾಗ ಕಾಕಾನ ತುಟಿ ನೀಲಿಗಟ್ಟಿತ್ತು. ಮಡಿಲಲ್ಲಿ ಬಾಳೆಹಣ್ಣು.

ಬಿಚ್ಚಿದಾಗ ಹುಣ್ಣು ಒಡೆದಿತ್ತು. ಜ್ವರ ಇಳಿಯಲೇ ಇಲ್ಲ. "ಈ ಸಲ ಬೆನ್ನು ಮಣ್ಣಿಗೆ ಹತ್ತಿ ಚಿತ್ ಆದೆ ನೋಡ ತಂಗಿ," ಎಂದವರು ಆಮೇಲೆ ಮಾತಾಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕಾಶಕ್ಕ ನೇರ ಅಧ್ಯಕ್ಷರ ಅಂಗಡಿಗೆ ಹೋಗಿ, ಗಿರಾಕಿಗಳೆದುರೇ ಅಂದಳು: "ನಿಮ್ಮ ಫೋಟೋ ಒಬ್ಬ ಮನಶ್ಯಾನ್ನ ತಿಂತ್ರಿ." ಅಂದೇ ಕೆಲಸ ಹೋಯಿತು. ನಾನೂ ಟ್ರಂಕು ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರೆ ಬೈದಳು. "ನೀನೂ ಬಂದ್ರ ಉಳದವರನ್ನ ಯಾರು ಹೊಳ್ಳಸ್ತಾರ? ಸಿಟ್ಟು ಇಟಗೊ, ಇಲ್ಲೇ ಇರು."

ಇದ್ದೆ, ವರ್ಷಗಟ್ಟಲೆ. ಫೋಟೋ ಆಫೀಸಿನ ಗೋಡೆ ಏರಿತು. ಅಧ್ಯಕ್ಷರಿಗೆ ಶಾಲು, ಹಾರ, 'ವೃದ್ಧಬಂಧು' ಎಂಬ ಬಿರುದು. ಕಾಶಕ್ಕ ಮುದ್ದೇಬಿಹಾಳದಲ್ಲಿ ಮನೆಮನೆಗೆ ಹೋಗಿ ರೋಗಿಗಳಿಗೆ ಸೂಜಿ ಚುಚ್ಚುತ್ತಲೇ ಸವೆದು ಹೋದಳು. ಅವಳನ್ನು ಯಾರೂ ಯಾವ ಬಂಧು ಎಂದೂ ಕರೆಯಲಿಲ್ಲ.

ಈ ಮಧ್ಯಾಹ್ನ ಚಪ್ಪಲಿ ಮೆಟ್ಟಿ ಪಕ್ಕದ ಮನೆಯ ಬಾಗಿಲು ಬಡಿದೆ.

"ಅಪ್ಪಾರು ಆರಾಮ ಅದಾರ್ರಿ ಅಕ್ಕಾರ, ಮಲಗ್ಯಾರ," ಎಂದ ಮಗ.

"ಮಗ್ಗಲಾ ಯಾರು ಬದಲಸ್ತಾರ?"

ಅವನು ಬಾಗಿಲು ಬಿಟ್ಟು ಸರಿದ. ಒಳಗೆ ಹೋಗಿ ಬಿಸಿನೀರು ತರಿಸಿದೆ. "ಕೆಲಸದಾಕಿನ್ನ ಕರೀಲೇನ್ರಿ?" ಎಂದ.

"ಬ್ಯಾಡ. ನೀವ ಹಿಡೀರಿ."

ಅಪ್ಪನ ಹೆಗಲು ಹಿಡಿದು ಹೊರಳಿಸಿದವನು ಬೆನ್ನು ಕಂಡದ್ದೇ ಕಣ್ಣು ಮುಚ್ಚಿಕೊಂಡ. ಮೊದಲಾಗಿದ್ದರೆ ನಾನು ಸಮಾಧಾನ ಹೇಳಿ ಹೊರಗೆ ಕಳಿಸುತ್ತಿದ್ದೆ.

"ಕಣ್ಣು ತಗೀರಿ," ಎಂದೆ. "ನಾಳೆ ನೀವ ತೊಳೀಬೇಕು."