ಮುಂದಕ್ಕೆ ಹಾಕುವ ಗುಳಿಗೆ

ನಮ್ಮ ಮನೆಯಲ್ಲಿ ಅದನ್ನು ಯಾರೂ ಔಷಧ ಎಂದುಕೊಂಡಿರಲಿಲ್ಲ. ‘ಮುಂದಕ್ಕ ಹಾಕೋದು’ ಅಂದರೆ ಸಾಕು, ಹೆಂಗಸರಿಗೆಲ್ಲ ತಿಳಿಯುತ್ತಿತ್ತು. ಹಬ್ಬ, ಮದುವೆ, ಶ್ರಾದ್ಧ, ಏನೇ ಬರಲಿ, ಆ ದಿನ ಸೊಸೆ ಹೊರಗಾಗಬಾರದು. ಹೊರಗಾದರೆ ಮಡಿ ಅಡುಗೆ ಮಾಡುವವರು ಯಾರು? ಅದಕ್ಕೆ ಗುಳಿಗೆ ನುಂಗಿಸಿ ಮುಟ್ಟನ್ನೇ ಮುಂದೂಡುವುದು.

ಹೋದ ಶ್ರಾವಣದಲ್ಲಿ ಅದನ್ನು ತಂದುಕೊಟ್ಟವಳು ನಾನೇ. ನಾನು ಸಂಡೂರಿನಲ್ಲಿ ಶಾಲೆ ಟೀಚರು. ಹೊಸಪೇಟೆಯ ತವರಿಗೆ ಹೋಗುವಾಗ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಅವನು ಡಾಕ್ಟರ ಚೀಟಿ ಗೀಟಿ ಏನೂ ಕೇಳಲಿಲ್ಲ. “ಶ್ರಾವಣ ಬಂತಂದ್ರ ಸ್ಟಾಕೇ ನಿಲ್ಲಂಗಿಲ್ರಿ ಮೇಡಂ” ಎಂದು ನಗುತ್ತ ಪೇಪರಿನಲ್ಲಿ ಸುತ್ತಿಕೊಟ್ಟ. ನಾನೂ ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಮೇಲೇ ನನಗೆ ಹೇಸಿಗೆ.

ತಮ್ಮನ ಹೆಂಡತಿ ಮೂರು ವಾರ ನುಂಗಿದಳು. ಒಂದು ಪೂಜೆ ಮುಗಿದರೆ ಇನ್ನೊಂದು. ಎಡಗಾಲಿನ ಮೀನಖಂಡ ನೋಯತೊಡಗಿ, ಬಾತು ಬಿಗಿಯಿತು. “ನಿಂತು ನಿಂತು ಹಿಡದದ” ಎಂದು ಅಮ್ಮ ಎಣ್ಣೆ ತಿಕ್ಕಿಸಿದಳು. ಶುಕ್ರವಾರದ ಪೂಜೆಗೆ ನಾನೂ ರಜೆ ಹಾಕಿ ಹೋಗಿದ್ದೆ. ಅನ್ನದ ಪಾತ್ರೆ ಇಳಿಸುವಾಗ ಅವಳು ಉಸಿರು ಸಿಗದೆ ಒಲೆಯ ಮುಂದೆ ಕುಸಿದಳು. ಅಮ್ಮನ ಬಾಯಿಂದ ಬಂದ ಮೊದಲ ಮಾತು: “ನೈವೇದ್ಯ ಆತೋ ಇಲ್ಲೋ?”

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದ ಡಾಕ್ಟರಮ್ಮ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರ ತುಂಡು ಶ್ವಾಸಕೋಶಕ್ಕೆ ಹೋಗಿದೆ, ಜೀವಕ್ಕೆ ಅಪಾಯ ಅಂದರು. “ಏನರ ಗುಳಿಗಿ ತಗೊಂತಿದ್ರೇನು?”

“ಏನೂ ಇಲ್ರಿ” ಅಂದಳು ಅಮ್ಮ. ಕಾಲುವೆ ಆಫೀಸಿನಲ್ಲಿ ದೊಡ್ಡ ಸಾಹೇಬನಾದ ನನ್ನ ತಮ್ಮ ಗೋಡೆ ನೋಡುತ್ತ ನಿಂತ. ಗಂಡಸರ ಮುಂದೆ ಆ ಮಾತು ಆಡುವಂತಿಲ್ಲವಲ್ಲ. ಒಂದು ಹೆಣ್ಣುಜೀವ ಉಸಿರಿಗೆ ಒದ್ದಾಡುತ್ತಿರುವಾಗ ಇವರಿಗೆ ನಾಚಿಕೆ! ನಾನೇನು ಕಡಿಮೆ, ಒಂದು ಗಳಿಗೆ ಬಾಯಿ ಮುಚ್ಚಿಕೊಂಡೇ ಇದ್ದೆ. ಆಮೇಲೆ ಹೇಳಿದೆ.

ಡಾಕ್ಟರಮ್ಮ ಬೈಯಲಿಲ್ಲ. “ಇದು ಅಪರೂಪದ್ದಲ್ರಿ. ಹೆರಿಗಿ ಆದವ್ರು, ಆಪರೇಷನ್ ಆದವ್ರು, ಹಾಸಿಗಿ ಹಿಡದವ್ರು, ಇಂಥಾ ಗುಳಿಗಿ ನುಂಗೋರು, ಭಾಳ ಮಂದಿಗೆ ಆಗ್ತದ. ಮೊದಲ ವಿಚಾರ ಮಾಡಿದ್ರ ಎಷ್ಟೋ ತಡೀಬಹುದು. ಇವರ ತವರಿನಾಗ ಯಾರಿಗರ ಆಗಿತ್ತೇನು?”

ಆಗಿತ್ತು. ಹೆರಿಗೆಯಾದ ಮೇಲೆ ಅವಳ ತಾಯಿಗೂ ಇದೇ ಆಗಿತ್ತೆಂದು ಅವಳ ತವರೂರು ಕಂಪ್ಲಿಗೆ ಫೋನ್ ಮಾಡಿದಾಗ ಗೊತ್ತಾಯಿತು. ಹೆಣ್ಣು ನೋಡಲು ಹೋದಾಗ ಗೋತ್ರ ಕೇಳಿದ್ದೆವು, ನಕ್ಷತ್ರ ಕೇಳಿದ್ದೆವು, ಹುಡುಗಿಗೆ ಹಾಡಲು ಬರುತ್ತದೋ ಎಂದೂ ಕೇಳಿದ್ದೆವು. ಇದೊಂದನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಪುಣ್ಯಕ್ಕೆ ಉಳಿದಳು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕಿತ್ತು. ಅದರಿಂದ ಮುಟ್ಟಿನ ಸ್ರಾವ ಹೆಚ್ಚಾಗಬಹುದು, ಹೆಚ್ಚಾದರೆ ಬಂದು ತೋರಿಸಿ, ನೀವೇ ನಿಲ್ಲಿಸಬೇಡಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಹಾಗೇ ಆಯಿತು. ನಾಲ್ಕು ದಿನದ್ದು ಎಂಟು ದಿನವಾಯಿತು. ಡಾಕ್ಟರಮ್ಮ ನೋಡಿ, ಮಾತ್ರೆ ಮುಂದುವರಿಸಿ ಅಂದರು.

ನವರಾತ್ರಿ ಹತ್ತಿರ ಬಂದಾಗ ಅಮ್ಮ ನನ್ನನ್ನು ಹಿತ್ತಲಿಗೆ ಕರೆದಳು. “ಈ ಗುಳಿಗಿ ಭಾಳ ಕೆಟ್ಟದ್ದವಾ. ಎಂಟೆಂಟು ದಿನ ಹೊರಗ ಕೂಡ್ತಾಳ. ಹಬ್ಬ ಮುಗಿಯೋ ತನಕ ನಿಲ್ಲಸು ಅಂತ ನೀನಾ ಹೇಳು.”

ಅಷ್ಟು ದೂರದಲ್ಲೇ, ಬೇರೆ ತಟ್ಟೆ, ಬೇರೆ ಚಾಪೆ ಇಟ್ಟುಕೊಂಡು ಕೂತಿದ್ದ ತಮ್ಮನ ಹೆಂಡತಿಗೆ ಎಲ್ಲ ಕೇಳಿಸಿತ್ತು. ಮದುವೆಯಾದಾಗಿನಿಂದ ಒಮ್ಮೆಯೂ ಎದುರಾಡದವಳು ಅವಳು.

“ನಾ ನಿಲ್ಲಸಂಗಿಲ್ರಿ ಅತ್ಯಾ” ಅಂದಳು. “ಬೇಕಾದ್ರ ವರ್ಷಾನಗಟ್ಟಲೆ ಹೊರಗ ಕೂಡಸ್ರಿ. ಜೀವಂತ ಆದ್ರೂ ಇರ್ತೀನಲ್ಲ.”

ಅಮ್ಮ ಮುಖ ತಿರುವಿ ಒಳಗೆ ಹೋದಳು. ಮಾತ್ರೆಯ ಹೊತ್ತಾಗಿತ್ತು, ನಾನು ನೀರು ತಂದೆ. “ಅಕೀನ ಮುಟ್ಟಬ್ಯಾಡ, ಮೈಲಿಗಿ ಆಗ್ತದ!” ಎಂದು ಅಮ್ಮ ಒಳಗಿನಿಂದಲೇ ಕೂಗಿದಳು. ನಾನು ಲೋಟವನ್ನು ತಮ್ಮನ ಹೆಂಡತಿಯ ಕೈಗೇ ಕೊಟ್ಟು, ಅದೇ ಚಾಪೆಯ ಮೇಲೆ ಕೂತೆ.