ಬೂದಿ ಹಚ್ಚಿದ ಬೆರಳು

ಕಲ್ಯಾಣದುರ್ಗದ ನಮ್ಮ ಓಣಿಯ ಪೆದ್ದಕ್ಕ ದೀಪದ ಬತ್ತಿ ಹೊಸೆದು ಮಾರುವವಳು. ಹಿಂದೂಪುರದಲ್ಲಿರುವ ಅವಳ ತಮ್ಮ ಗಂಗರಾಜುವಿಗೆ ಈಚೆಗೆ ಕಿವಿ ಪೂರ್ತಿ ಹೋಯಿತು. ಫೋನಿನಲ್ಲಿ ಎಷ್ಟು ಕೂಗಿದರೂ ಕೇಳದು. ಇನ್ನು ಅವನೊಡನೆ ಮಾತು ಬೇಕೆಂದರೆ ಬರೆದೇ ಕಳಿಸಬೇಕು.

ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಲು ಹೋದರೆ ಅವಳ ದಪ್ಪ ಬೆರಳು ಪಕ್ಕದ್ದನ್ನೂ ಮೆಟ್ಟುತ್ತಿತ್ತು. ಸೊಸೆ ಮೀನಾ, "ಒತ್ಬ್ಯಾಡತ್ತೆ, ಬೆರಳು ಎತ್ತದಂಗೆ ಅಕ್ಷರದಿಂದ ಅಕ್ಷರಕ್ಕೆ ಜಾರ್ಸು. ಮಾತು ತಾನೇ ಮೂಡ್ತದೆ" ಎಂದಳು. ಆದರೆ ಬೆವರಿದ ಬೆರಳು ಗಾಜಿಗೆ ಅಂಟಿ ನಡುದಾರಿಯಲ್ಲೇ ನಿಂತಿತು.

ಹತ್ತಿ ಕೈಗೆ ಅಂಟದಿರಲೆಂದು ಇಟ್ಟುಕೊಂಡಿದ್ದ ಬೂದಿ ಬಟ್ಟಲಿಗೆ ಪೆದ್ದಕ್ಕ ಬೆರಳದ್ದಿದಳು.

"ಅಯ್ಯೋ, ಫೋನ್ ಕೆಡ್ತದೆ ಕಣತ್ತೆ!"

"ಊರ್ಕೋಮ್ಮಾ, ಸುಮ್ಕಿರು. ಬೆವರು ಕೈಲಿ ಹತ್ತಿ ಹೊಸೆಯಾಕಾಯ್ತದಾ? ಇದೂ ಅಂಗೇಯ."

ಬೆರಳು ನುಣ್ಣಗೆ ಹರಿಯಿತು. "ಉಂಡ್ಯಾ ತಮ್ಮಯ್ಯ" ಎಂದು ಬರೆದು ಕಳಿಸಿದಳು.

ತುಸು ಹೊತ್ತಿಗೆ ಗಂಗರಾಜುವಿನ ಉತ್ತರ ಬಂತು: "ಯಾರ ಕೈಲಿ ಬರೆಸ್ದೆ ಅಕ್ಕಾ?"

ಪೆದ್ದಕ್ಕ ಮತ್ತೆ ಬೂದಿ ಮುಟ್ಟಿ ಬರೆದಳು: "ನಂದೇ ಕೈ ಕಣ್ಲಾ. ಉಂಡ್ಯೋ ಇಲ್ವೋ, ಅದನ್ ಹೇಳು."

"ಉಂಡೆ. ನೀನು?"

ಅಂದು ಹೊತ್ತಿಳಿಯುವವರೆಗೂ ಅಕ್ಕ ತಮ್ಮನ ಮಾತು ನಿಲ್ಲಲಿಲ್ಲ. ಹೊಸೆಯಬೇಕಾದ ಹತ್ತಿ ಮೊರದಲ್ಲಿ ಹಾಗೇ ಉಳಿಯಿತು.